ಒಂದೇ ಕೈಯ ಪೊವೆಲ್ ಮತ್ತು ಕಲ್ಲಿನ ಕಣಿವೆ



ಅಮೆರಿಕದ ಗ್ರ್ಯಾಂಡ್ ಕ್ಯಾನ್ಯನ್ 446 ಕಿ.ಮೀ. ಉದ್ದದ ಕಲ್ಲಿನ ಕಣಿವೆ. ಆಳ ಒಂದೂವರೆ ಕಿ.ಮೀ.ಗೂ ಹೆಚ್ಚು. ಕೊಲರಾಡೊ ನದಿ ಲಕ್ಷಾಂತರ ವರ್ಷ ಕೊರೆದೂ ಕೊರೆದೂ ಆದದ್ದು. ಅದನ್ನು ಅಳೆಯುತ್ತಾ ದೋಣಿಯಲ್ಲಿ ಮೊದಲು ದಾಟಿದ ತಂಡದ ನಾಯಕರಿಗೆ ಒಂದೇ ಕೈ ಇತ್ತು ಅಂದರೆ ನಂಬುತ್ತೀರಾ?

ಜಾನ್ ವೆಸ್ಲಿ ಪೊವೆಲ್ 1834ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಜನಿಸಿದರು. ಕೆಲಕಾಲ ಶಾಲೆ ಮೇಷ್ಟ್ರಾಗಿದ್ದರು. 1862ರಲ್ಲಿ ಶೈಲೋ ಎಂಬಲ್ಲಿ ನಡೆದ ಯುದ್ಧದಲ್ಲಿ ಗುಂಡು ತಗುಲಿ ಅವರ ಬಲಗೈ ಕತ್ತರಿಸಬೇಕಾಯಿತು. ಬೇರೆಯವರಾಗಿದ್ದರೆ ಮನೇಲಿ ಕೂರುತ್ತಿದ್ದರು. ಇವರು ಗಾಯ ಮಾಗಿದ ಮೇಲೆ ಮತ್ತೆ ಸೈನ್ಯಕ್ಕೇ ಹೋದರು! ಆಮೇಲೆ ಕಾಲೇಜಿನಲ್ಲಿ ಭೂಗರ್ಭಶಾಸ್ತ್ರ ಕಲಿಸಿದರು.

1869ರ ಮೇ 24ರಂದು ಹತ್ತು ಜನ, ನಾಲ್ಕು ದೋಣಿ, ಹತ್ತು ತಿಂಗಳ ದಿನಸಿ ಇಟ್ಟುಕೊಂಡು ಹೊರಟರು. ಜೂನ್‌ನಲ್ಲೇ ಒಂದು ದೋಣಿ ಬಂಡೆಗೆ ಬಡಿದು ಚೂರಾಯಿತು. ಅದರಲ್ಲಿದ್ದ ದಿನಸಿ ನೀರು ಪಾಲು. ಒಬ್ಬರು ಸಾಕಪ್ಪಾ ಸಾಕು ಅಂತ ಜುಲೈನಲ್ಲಿ ಬಿಟ್ಟು ಹೋದರು.

ನನಗೆ ತುಂಬಾ ಹಿಡಿಸಿದ್ದು ಈ ಸಂಗತಿ. ಒಮ್ಮೆ ಪೊವೆಲ್ ಕಡಿದಾದ ಬಂಡೆ ಹತ್ತಿ ಮೇಲಕ್ಕೂ ಇಲ್ಲ, ಕೆಳಕ್ಕೂ ಇಲ್ಲ ಅನ್ನೋ ಹಾಗೆ ಸಿಕ್ಕಿಕೊಂಡರು. ಮೇಲಿದ್ದ ಬ್ರಾಡ್ಲಿಯ ಕೈ ಎಟುಕಲಿಲ್ಲ. ಹಗ್ಗವೂ ಇಲ್ಲ. ಬ್ರಾಡ್ಲಿ ತನ್ನ ಉದ್ದನೆಯ ಒಳಚಡ್ಡಿ ಬಿಚ್ಚಿ ಇಳಿಬಿಟ್ಟರು! ಅದನ್ನು ಹಿಡಿಯಬೇಕಾದರೆ ಪೊವೆಲ್ ಕಲ್ಲನ್ನು ಬಿಡಬೇಕು. ಇರೋದು ಒಂದೇ ಕೈ. ಬಿಟ್ಟರು, ಹಿಡಿದರು, ಬದುಕಿದರು. ಓದುವಾಗ ಮೊದಲು ನಗು ಬಂತು, ಆಮೇಲೆ ಮೈ ಜುಂ ಅಂತು.

ಇಷ್ಟರ ನಡುವೆಯೂ ಅವರು ಕಲ್ಲುಗಳನ್ನು ನೋಡೋದು ಬಿಡಲಿಲ್ಲ. ಕೆಳಗೆ ಓರೆಯಾದ ಪದರಗಳು, ಅವುಗಳ ಮೇಲೆ ಚಪ್ಪಟೆ ಪದರಗಳು. ಹಳೆಯ ಬೆಟ್ಟಗಳು ಪೂರ್ತಿ ಸವೆದುಹೋದ ಮೇಲೆ ಹೊಸ ಪದರ ಕೂತಿದೆ ಅಂತ ಅವರಿಗೆ ಹೊಳೆಯಿತು. ಈಗಿನ ಲೆಕ್ಕದಲ್ಲಿ ತಳದ ಕಲ್ಲಿಗೆ ಸುಮಾರು 170 ಕೋಟಿ ವರ್ಷ, ತುದಿಯದಕ್ಕೆ 27 ಕೋಟಿ.

ಆಗಸ್ಟ್ ಕೊನೆಗೆ ಉಳಿದದ್ದು ಬೂಸಲು ಹಿಡಿದ ಹಿಟ್ಟು, ಒಣ ಸೇಬು, ಕಾಫಿಪುಡಿ ಅಷ್ಟೆ. ಎದುರಿಗೆ ಭಯಂಕರ ಸುಳಿ, ಬಂಡೆ. ಮೂವರು, ನಾವು ನಡೆದೇ ಹೋಗ್ತೀವಿ ಅಂದರು. ಪೊವೆಲ್ ರಾತ್ರಿಯೆಲ್ಲಾ ಮರಳಿನ ಮೇಲೆ ಅತ್ತಿಂದಿತ್ತ ಓಡಾಡಿದರು. ಬೆಳಿಗ್ಗೆ ಮೂವರು ಕಣಿವೆ ಹತ್ತಿ ಹೋದರು, ಆರು ಜನ ದೋಣಿ ಬಿಟ್ಟರು. ಎರಡೇ ದಿನದಲ್ಲಿ ಆರೂ ಜನ ಸುರಕ್ಷಿತ ಜಾಗ ತಲುಪಿದರು. ಹತ್ತಿ ಹೋದ ಮೂವರು ಕೊಲೆಯಾದರು ಅಂತ ಆಮೇಲೆ ಸುದ್ದಿ ಬಂತು. ಅವರನ್ನು ಹೇಡಿಗಳು ಅನ್ನೋಕೆ ನನಗೆ ಮನಸ್ಸು ಬರೋಲ್ಲ.

1871ರಲ್ಲಿ ಪೊವೆಲ್ ಮತ್ತೆ ಅದೇ ನದಿಗೆ ಇಳಿದರು. ಮುಂದೆ ಅಮೆರಿಕದ ಭೂಗರ್ಭ ಸಮೀಕ್ಷೆಯ ಮುಖ್ಯಸ್ಥರೂ ಆದರು. ಆ ಒಣ ನಾಡಿನ ಎಲ್ಲಾ ಹೊಲಕ್ಕೂ ಸಾಕಾಗುವಷ್ಟು ನೀರಿಲ್ಲ ಅಂತ 1893ರ ಸಭೆಯಲ್ಲಿ ಹೇಳಿದಾಗ ಜನ ಕೂಗಾಡಿದರು. 1902ರಲ್ಲಿ ತೀರಿಕೊಂಡರು. ಈಗ ಕೊಲರಾಡೊ ನೀರು ಸಮುದ್ರ ಮುಟ್ಟೋದೇ ಅಪರೂಪ.