ಹಳದಿ ಶಾಲಾ ಬಸ್ಸಿನ ಜನಕ ಡಾ. ಫ್ರಾಂಕ್ ಡಬ್ಲ್ಯು. ಸಿಯರ್ (1900–1995)

ಪೀಠಿಕೆ

ಶಾಲಾ ವಾಹನಗಳ ನೋಂದಣಿ, ರಹದಾರಿ ಮತ್ತು ಅರ್ಹತಾ ಪ್ರಮಾಣಪತ್ರಗಳಿಗಾಗಿ ಅರ್ಜಿ ಸಲ್ಲಿಸುವ ಶಿಕ್ಷಣ ಸಂಸ್ಥೆಗಳು ಹಾಗೂ ವಾಹನ ಮಾಲೀಕರು ಹಲವು ನಿಬಂಧನೆಗಳನ್ನು ಪಾಲಿಸಬೇಕಾಗುತ್ತದೆ. ವಾಹನದ ಬಣ್ಣ, ಆಸನಗಳ ನಡುವಿನ ಅಂತರ, ಬಾಗಿಲು, ಮೆಟ್ಟಿಲು ಇವೆಲ್ಲಕ್ಕೂ ನಿಗದಿತ ಮಾನದಂಡಗಳಿರುತ್ತವೆ. ಇಷ್ಟು ಸಣ್ಣ ವಿಷಯಗಳಿಗೂ ನಿಯಮ ಅಗತ್ಯವೇ ಎಂಬ ಸಂದೇಹ ಅರ್ಜಿದಾರರಲ್ಲಿ ಮೂಡುವುದು ಸಹಜ. ಎಳೆಯ ಮಕ್ಕಳ ಪ್ರಯಾಣವನ್ನು ಸುರಕ್ಷಿತವಾಗಿಸಲು ಏಕರೂಪದ ಮಾನದಂಡಗಳು ಬೇಕೆಂದು ಮೊದಲಿಗೆ ಮನಗಂಡು, ಅವುಗಳನ್ನು ರೂಪಿಸಲು ಒಂದು ಇಡೀ ದೇಶದ ಅಧಿಕಾರಿಗಳನ್ನು ಒಂದೆಡೆ ಸೇರಿಸಿದವರು ಅಮೆರಿಕ ಸಂಯುಕ್ತ ಸಂಸ್ಥಾನದ ಶಿಕ್ಷಣ ತಜ್ಞ ಡಾ. ಫ್ರಾಂಕ್ ಡಬ್ಲ್ಯು. ಸಿಯರ್‌ರವರು. ಅವರ ಜೀವನ ಮತ್ತು ಕಾರ್ಯದ ಸಂಕ್ಷಿಪ್ತ ಪರಿಚಯವನ್ನು ಸಾರ್ವಜನಿಕರ ಮಾಹಿತಿಗಾಗಿ ಇಲ್ಲಿ ನೀಡಲಾಗಿದೆ.

ಜನನ ಮತ್ತು ಬಾಲ್ಯ

ಡಾ. ಸಿಯರ್‌ರವರು 1900ರಲ್ಲಿ ಅಮೆರಿಕದ ಮಧ್ಯಭಾಗದಲ್ಲಿರುವ ನೆಬ್ರಾಸ್ಕ ರಾಜ್ಯದ ಗ್ರಾಮಾಂತರ ಪ್ರದೇಶದಲ್ಲಿ ಜನಿಸಿದರು. ಮರಗಳು ವಿರಳವಾಗಿದ್ದ ಆ ವಿಶಾಲ ಹುಲ್ಲುಗಾವಲಿನಲ್ಲಿ ನೆಲೆಸಿದ ರೈತರು, ಹುಲ್ಲಿನ ಬೇರುಗಳಿಂದ ಬಿಗಿದುಕೊಂಡ ಮಣ್ಣಿನ ಹೆಂಟೆಗಳನ್ನು ಇಟ್ಟಿಗೆಗಳಂತೆ ಕತ್ತರಿಸಿ ಮನೆ ಕಟ್ಟಿಕೊಳ್ಳುತ್ತಿದ್ದರು. ಅವರ ಬಾಲ್ಯವೂ ಅಂತಹ ಒಂದು ಮನೆಯಲ್ಲಿಯೇ ಕಳೆಯಿತು.

ಅಂದಿನ ಗ್ರಾಮೀಣ ಅಮೆರಿಕದಲ್ಲಿ ಒಂದೇ ಕೊಠಡಿಯ, ಒಬ್ಬರೇ ಶಿಕ್ಷಕರಿರುವ ಶಾಲೆಗಳು ಸಾಮಾನ್ಯವಾಗಿದ್ದವು. ಇಪ್ಪತ್ತನೆಯ ಶತಮಾನದ ಆರಂಭದ ದಶಕಗಳಲ್ಲಿ ಇಂತಹ ಸಣ್ಣ ಶಾಲೆಗಳನ್ನು ಒಟ್ಟುಗೂಡಿಸಿ, ಹೆಚ್ಚು ಶಿಕ್ಷಕರು ಮತ್ತು ಉತ್ತಮ ಸೌಲಭ್ಯಗಳಿರುವ ದೊಡ್ಡ ಶಾಲೆಗಳನ್ನು ಸ್ಥಾಪಿಸುವ ಕಾರ್ಯ ನಡೆಯಿತು. ಇದರಿಂದ ಶಿಕ್ಷಣದ ಗುಣಮಟ್ಟ ಹೆಚ್ಚಿತಾದರೂ ಮನೆಗೂ ಶಾಲೆಗೂ ನಡುವಿನ ದೂರವೂ ಹೆಚ್ಚಿತು. ನಡೆದು ಹೋಗುತ್ತಿದ್ದ ಮಗು ಈಗ ವಾಹನದಲ್ಲಿ ಹೋಗಬೇಕಾಯಿತು. ಆ ವಾಹನ ಹೇಗಿರಬೇಕೆಂಬ ವಿಚಾರಕ್ಕೆ ಮಾತ್ರ ಯಾವ ಸಾಮಾನ್ಯ ನಿಯಮವೂ ಇರಲಿಲ್ಲ.

ವೃತ್ತಿ ಜೀವನ

ಪದವಿ ಶಿಕ್ಷಣದ ನಂತರ ಡಾ. ಸಿಯರ್‌ರವರು ನೆಬ್ರಾಸ್ಕದ ಚಾಪೆಲ್ ಎಂಬ ಊರಿನಲ್ಲಿ ಶಾಲೆಗಳ ಮೇಲ್ವಿಚಾರಕರಾಗಿ ಸೇವೆ ಸಲ್ಲಿಸಿದರು. ದೂರದ ಹೊಲಮನೆಗಳ ಮಕ್ಕಳು ಶಾಲೆಗೆ ಬರಬೇಕಾದರೆ ಬಸ್ಸು ಅನಿವಾರ್ಯವೆಂಬುದನ್ನು ಅವರು ಅಲ್ಲಿ ಪ್ರತ್ಯಕ್ಷವಾಗಿ ಕಂಡುಕೊಂಡು, ತಮ್ಮ ವ್ಯಾಪ್ತಿಯಲ್ಲಿ ಬಸ್ಸುಗಳ ಬಳಕೆಯನ್ನು ಹೆಚ್ಚಿಸಿದರು. ನಂತರ ನ್ಯೂಯಾರ್ಕ್ ನಗರದ ಕೊಲಂಬಿಯಾ ವಿಶ್ವವಿದ್ಯಾನಿಲಯಕ್ಕೆ ಸೇರಿದ ಟೀಚರ್ಸ್ ಕಾಲೇಜಿನಲ್ಲಿ ಗ್ರಾಮೀಣ ಶಿಕ್ಷಣದ ಪ್ರಾಧ್ಯಾಪಕರಾದರು. ಮಹಾನಗರದ ಮಧ್ಯದಲ್ಲಿದ್ದ ಈ ಪ್ರತಿಷ್ಠಿತ ಸಂಸ್ಥೆಯಲ್ಲಿದ್ದರೂ ಅವರ ಅಧ್ಯಯನದ ವಿಷಯ ಹಳ್ಳಿಯ ಶಾಲೆಗಳೇ ಆಗಿದ್ದವು.

ಶಾಲಾ ಸಾರಿಗೆಯ ಅಧ್ಯಯನ

1937ರಲ್ಲಿ ಡಾ. ಸಿಯರ್‌ರವರು ದೇಶದ ವಿವಿಧ ರಾಜ್ಯಗಳಲ್ಲಿ ಮಕ್ಕಳು ಶಾಲೆಗೆ ಹೇಗೆ ಪ್ರಯಾಣಿಸುತ್ತಿದ್ದಾರೆ ಎಂಬುದರ ಅಧ್ಯಯನವನ್ನು ಕೈಗೊಂಡರು. ಅಧ್ಯಯನದಿಂದ ಕಂಡುಬಂದ ಸ್ಥಿತಿ ಕಳವಳಕಾರಿಯಾಗಿತ್ತು. ಕೆಲವು ಕಡೆ ಸರಕು ಸಾಗಿಸುವ ಲಾರಿಗಳಲ್ಲಿ ಮಕ್ಕಳನ್ನು ಕರೆತರಲಾಗುತ್ತಿತ್ತು. ಕ್ಯಾನ್ಸಸ್ ರಾಜ್ಯದ ಒಂದು ಕಡೆ ಗೋಧಿ ಸಾಗಿಸುವ ಕುದುರೆ ಬಂಡಿಗಳೇ ಶಾಲಾ ವಾಹನಗಳಾಗಿದ್ದವು. ಬಸ್ಸುಗಳಿದ್ದ ಕಡೆಗಳಲ್ಲಿಯೂ ಒಂದೊಂದು ಜಿಲ್ಲೆಯ ಬಸ್ಸು ಒಂದೊಂದು ಅಳತೆಯದ್ದಾಗಿ, ಒಂದೊಂದು ಬಣ್ಣದ್ದಾಗಿತ್ತು. ಮಕ್ಕಳಲ್ಲಿ ದೇಶಭಕ್ತಿ ಬೆಳೆಯಲೆಂಬ ಉದ್ದೇಶದಿಂದ ರಾಷ್ಟ್ರಧ್ವಜದ ಕೆಂಪು, ಬಿಳಿ ಮತ್ತು ನೀಲಿ ಬಣ್ಣಗಳನ್ನು ಬಸ್ಸಿಗೆ ಬಳಿದವರೂ ಇದ್ದರು. ಅವರ ಉದ್ದೇಶ ಒಳ್ಳೆಯದಾಗಿದ್ದರೂ, ಆ ಬಣ್ಣಗಳಿಂದ ಬಸ್ಸು ದೂರದಿಂದ ಸ್ಪಷ್ಟವಾಗಿ ಗೋಚರಿಸುತ್ತಿರಲಿಲ್ಲವೆಂಬುದು ಡಾ. ಸಿಯರ್‌ರವರ ಅಭಿಪ್ರಾಯವಾಗಿತ್ತು.

ಈ ವೈವಿಧ್ಯದಿಂದ ಎರಡು ತೊಂದರೆಗಳು ಉಂಟಾಗಿದ್ದವು. ಮೊದಲನೆಯದಾಗಿ, ಎದುರಿನಿಂದ ಬರುವ ವಾಹನ ಚಾಲಕನಿಗೆ ಇದು ಮಕ್ಕಳಿರುವ ಬಸ್ಸು ಎಂದು ತಿಳಿಯುತ್ತಿರಲಿಲ್ಲ. ತನ್ನ ಊರಿನ ಬಸ್ಸನ್ನು ಗುರುತಿಸಬಲ್ಲ ಚಾಲಕನು ಪಕ್ಕದ ಜಿಲ್ಲೆಯ ಬಸ್ಸನ್ನು ಗುರುತಿಸಲಾರದವನಾಗಿದ್ದನು. ಎರಡನೆಯದಾಗಿ, ಪ್ರತಿಯೊಂದು ಜಿಲ್ಲೆಯ ಬೇಡಿಕೆಯೂ ಬೇರೆಯಾಗಿದ್ದುದರಿಂದ ತಯಾರಕರು ಒಂದೊಂದು ಬಸ್ಸನ್ನೂ ಪ್ರತ್ಯೇಕವಾಗಿ ನಿರ್ಮಿಸಬೇಕಾಗಿತ್ತು. ಇದರಿಂದ ಬೆಲೆ ಏರುತ್ತಿತ್ತು. ಬೆಲೆ ಏರಿದಾಗ ಬಡ ಗ್ರಾಮೀಣ ಶಾಲೆಗಳು ಸುರಕ್ಷಿತ ಬಸ್ಸಿನ ಆಸೆಯನ್ನು ಬಿಟ್ಟು, ಸಿಕ್ಕ ವಾಹನದಲ್ಲಿ ಮಕ್ಕಳನ್ನು ಕೂರಿಸುತ್ತಿದ್ದವು. ಸುರಕ್ಷತೆ ಮತ್ತು ವೆಚ್ಚ ಇವೆರಡಕ್ಕೂ ಪರಿಹಾರ ಏಕರೂಪತೆಯಲ್ಲಿದೆ ಎಂಬ ನಿರ್ಣಯಕ್ಕೆ ಡಾ. ಸಿಯರ್‌ರವರು ಬಂದರು.

1939ರ ಸಮ್ಮೇಳನ

1939ರ ಏಪ್ರಿಲ್ ತಿಂಗಳಿನಲ್ಲಿ ಡಾ. ಸಿಯರ್‌ರವರು ಟೀಚರ್ಸ್ ಕಾಲೇಜಿನಲ್ಲಿ ಏಳು ದಿನಗಳ ಸಮ್ಮೇಳನವನ್ನು ಏರ್ಪಡಿಸಿದರು. ಇದಕ್ಕೆ ಅಗತ್ಯವಾದ 5,000 ಡಾಲರುಗಳ ನೆರವು ರಾಕ್‌ಫೆಲ್ಲರ್ ದತ್ತಿಯ ಮೂಲಕ ದೊರೆಯಿತು. ಅಂದು ಅಮೆರಿಕದಲ್ಲಿದ್ದ 48 ರಾಜ್ಯಗಳ ಸಾರಿಗೆ ಮತ್ತು ಶಿಕ್ಷಣ ಅಧಿಕಾರಿಗಳು, ಬಸ್ಸು ತಯಾರಿಸುವ ಕಂಪನಿಗಳ ಎಂಜಿನಿಯರುಗಳು ಮತ್ತು ಬಣ್ಣ ತಯಾರಿಸುವ ಕಂಪನಿಗಳ ತಜ್ಞರು ಒಂದೇ ಕಡೆ ಕುಳಿತು ಚರ್ಚಿಸಿದರು. ನಿಯಮ ಮಾಡುವವರು, ಬಸ್ಸು ಕಟ್ಟುವವರು ಮತ್ತು ಬಸ್ಸು ಓಡಿಸುವವರು ಒಪ್ಪದೆ ಯಾವ ಮಾನದಂಡವೂ ಬಾಳಲಾರದೆಂಬುದು ಈ ಏರ್ಪಾಡಿನ ಹಿಂದಿದ್ದ ತಿಳಿವಳಿಕೆಯಾಗಿತ್ತು.

ಸಮ್ಮೇಳನವು ಒಟ್ಟು 44 ಮಾನದಂಡಗಳನ್ನು ಅಂಗೀಕರಿಸಿತು. ಬಸ್ಸಿನ ಉದ್ದ, ಒಳಭಾಗದ ಎತ್ತರ, ಆಸನಗಳ ನಡುವಿನ ಓಡಾಟದ ದಾರಿಯ ಅಗಲ ಮೊದಲಾದವುಗಳು ಇದರಲ್ಲಿ ಸೇರಿದ್ದವು. ಇವುಗಳ ಪೈಕಿ ಜನಸಾಮಾನ್ಯರ ನೆನಪಿನಲ್ಲಿ ಉಳಿದದ್ದು ಬಣ್ಣದ ನಿರ್ಣಯ ಮಾತ್ರ. ತೆಳು ನಿಂಬೆ ಹಳದಿಯಿಂದ ಗಾಢ ಕಿತ್ತಳೆ ಕೆಂಪಿನವರೆಗಿನ 50 ಛಾಯೆಗಳ ಪಟ್ಟಿಗಳನ್ನು ಸಭಾಂಗಣದ ಗೋಡೆಗೆ ತೂಗುಹಾಕಲಾಗಿತ್ತು. ಪ್ರತಿನಿಧಿಗಳು ಅವುಗಳನ್ನು ಹೋಲಿಸಿ ನೋಡಿ, ಕಿತ್ತಳೆಯ ಕಡೆಗೆ ವಾಲಿದ ಒಂದು ಹಳದಿಯನ್ನು ಆಯ್ಕೆ ಮಾಡಿದರು. ಎಲ್ಲ ಕಡೆಯೂ ಒಂದೇ ಛಾಯೆಯನ್ನು ತಯಾರಿಸುವುದು ಅಂದಿನ ಕಾಲಕ್ಕೆ ಕಷ್ಟವಾಗಿದ್ದುದರಿಂದ ಅಲ್ಪ ವ್ಯತ್ಯಾಸಕ್ಕೆ ಅವಕಾಶ ನೀಡಲಾಯಿತು.

ಈ ಆಯ್ಕೆಗೆ ಸ್ಪಷ್ಟ ಕಾರಣವಿತ್ತು. ಮಕ್ಕಳು ಶಾಲೆಗೆ ಹೊರಡುವುದು ಮುಂಜಾನೆ, ಮರಳುವುದು ಸಂಜೆ. ಚಳಿಗಾಲದಲ್ಲಿ ಈ ಎರಡೂ ಹೊತ್ತು ಮಬ್ಬುಗತ್ತಲಿರುತ್ತದೆ. ಅಂತಹ ಬೆಳಕಿನಲ್ಲಿಯೂ ಈ ಹಳದಿ ಎದ್ದು ಕಾಣುತ್ತದೆ ಮತ್ತು ಅದರ ಮೇಲೆ ಬರೆದ ಕಪ್ಪು ಅಕ್ಷರಗಳು ದೂರದಿಂದ ಓದಲು ಸಿಗುತ್ತವೆ. ಮಾನವನ ಕಣ್ಣು ಹಸಿರು ಮತ್ತು ಹಳದಿಯ ಆಸುಪಾಸಿನ ಬೆಳಕಿಗೆ ಅತ್ಯಂತ ಸೂಕ್ಷ್ಮವಾಗಿ ಸ್ಪಂದಿಸುತ್ತದೆ ಎಂಬ ವೈಜ್ಞಾನಿಕ ತಿಳಿವಳಿಕೆಯು ಈ ನಿರ್ಣಯವನ್ನು ಸಮರ್ಥಿಸುತ್ತದೆ.

ನಿರ್ಣಯದ ಅನುಷ್ಠಾನ

ಸಮ್ಮೇಳನಕ್ಕೆ ಕಾನೂನು ಮಾಡುವ ಅಧಿಕಾರವಿರಲಿಲ್ಲ. ಅದರ ನಿರ್ಣಯಗಳು ಶಿಫಾರಸುಗಳಾಗಿದ್ದು, ಪ್ರತಿಯೊಂದು ರಾಜ್ಯವೂ ತಾನಾಗಿ ಅವುಗಳನ್ನು ಅಳವಡಿಸಿಕೊಳ್ಳಬೇಕಾಗಿತ್ತು. ಹಲವು ರಾಜ್ಯಗಳು ಶೀಘ್ರವಾಗಿ ಹಳದಿ ಬಣ್ಣವನ್ನು ಒಪ್ಪಿಕೊಂಡರೂ, ದೇಶದ ಎಲ್ಲ ಶಾಲಾ ಬಸ್ಸುಗಳೂ ಹಳದಿಯಾಗಲು 1974ರವರೆಗೆ, ಅಂದರೆ 35 ವರ್ಷಗಳ ಕಾಲ ಬೇಕಾಯಿತು. 1939ರಲ್ಲಿ ಆರಂಭವಾದ ರಾಷ್ಟ್ರೀಯ ಸಮ್ಮೇಳನವು ನಂತರದ ದಶಕಗಳಲ್ಲಿಯೂ ಮತ್ತೆ ಮತ್ತೆ ಸೇರಿ ಮಾನದಂಡಗಳನ್ನು ಪರಿಷ್ಕರಿಸುತ್ತ ಬಂದಿದೆ.

ಬಣ್ಣವೊಂದರಿಂದಲೇ ಮಕ್ಕಳ ರಕ್ಷಣೆ ಪೂರ್ಣವಾಗುವುದಿಲ್ಲವೆಂಬುದೂ ಕಾಲಕ್ರಮೇಣ ಸ್ಪಷ್ಟವಾಯಿತು. ಮಗುವಿಗೆ ಬಸ್ಸಿನ ಒಳಗಿರುವಾಗ ಇರುವ ಅಪಾಯಕ್ಕಿಂತ, ಬಸ್ಸನ್ನು ಏರುವಾಗ, ಇಳಿಯುವಾಗ ಮತ್ತು ಇಳಿದ ಬಳಿಕ ರಸ್ತೆ ದಾಟುವಾಗ ಇರುವ ಅಪಾಯ ಹೆಚ್ಚು. ಎಳೆಯ ಮಗುವಿನ ಎತ್ತರ ಕಡಿಮೆ ಇರುವುದರಿಂದ ಬಸ್ಸಿನ ಮುಂಭಾಗಕ್ಕೆ ಹತ್ತಿರ ನಿಂತಾಗ ಅದು ಚಾಲಕನ ಕಣ್ಣಿಗೆ ಬೀಳುವುದಿಲ್ಲ. ಈ ಕಾರಣದಿಂದ ಮಿನುಗುವ ಕೆಂಪು ದೀಪಗಳು, ಬಸ್ಸಿನ ಪಕ್ಕದಿಂದ ಹೊರಚಾಚುವ ನಿಲುಗಡೆ ಫಲಕ ಮತ್ತು ಮುಂಭಾಗವನ್ನು ತೋರಿಸುವ ಕನ್ನಡಿಗಳು ಬಳಕೆಗೆ ಬಂದವು. ಕೆಂಪು ದೀಪ ಮಿನುಗುತ್ತಿರುವ ಶಾಲಾ ಬಸ್ಸನ್ನು ದಾಟಿ ಹೋಗುವುದನ್ನು ಅಮೆರಿಕದ ಎಲ್ಲ ರಾಜ್ಯಗಳ ಕಾನೂನುಗಳೂ ನಿಷೇಧಿಸಿವೆ. 1977ರಲ್ಲಿ ಜಾರಿಗೆ ಬಂದ ಕೇಂದ್ರ ಮಾನದಂಡಗಳ ಪ್ರಕಾರ ಆಸನಗಳನ್ನು ಹತ್ತಿರ ಹತ್ತಿರವಾಗಿ, ಎತ್ತರವಾದ ಮೆತ್ತನೆಯ ಬೆನ್ನೊರಗುಗಳೊಂದಿಗೆ ಅಳವಡಿಸಲಾಯಿತು. ಬಸ್ಸು ಡಿಕ್ಕಿ ಹೊಡೆದಾಗ ಮಗು ಮುಂದಿನ ಆಸನದ ಮೆತ್ತೆಗೆ ತಾಗಿ ಉಳಿಯಲೆಂಬುದು ಇದರ ಉದ್ದೇಶ. ಈ ಎಲ್ಲ ಕ್ರಮಗಳಿಗೂ 1939ರಲ್ಲಿ ಸ್ಥಾಪಿತವಾದ ಏಕರೂಪತೆಯ ತತ್ವ ದಾರಿ ಮಾಡಿಕೊಟ್ಟಿತ್ತು.

ಇತರ ಸೇವೆಗಳು ಮತ್ತು ಅಂತಿಮ ದಿನಗಳು

ಡಾ. ಸಿಯರ್‌ರವರ ಕಾರ್ಯ ಬಸ್ಸಿಗೆ ಸೀಮಿತವಾಗಿರಲಿಲ್ಲ. ಸಣ್ಣ ಗ್ರಾಮೀಣ ಶಾಲೆಗಳು ಒಂಟಿಯಾಗಿ ಒದಗಿಸಲಾಗದ ಸೇವೆಗಳನ್ನು ಹಲವು ಶಾಲಾ ಜಿಲ್ಲೆಗಳು ಸೇರಿ ಹಂಚಿಕೊಳ್ಳುವ ಸಹಕಾರಿ ಶೈಕ್ಷಣಿಕ ಸೇವಾ ಮಂಡಳಿಗಳ ವ್ಯವಸ್ಥೆಯು 1948ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಆರಂಭವಾಯಿತು. ಇದರ ಬೆಳವಣಿಗೆಯಲ್ಲಿಯೂ ಅವರ ಪಾತ್ರ ಮಹತ್ವದ್ದಾಗಿತ್ತು. ಮೂರು ದಶಕಗಳಿಗೂ ಹೆಚ್ಚು ಕಾಲ ಬೋಧಿಸಿದ ನಂತರ 1960ರ ದಶಕದಲ್ಲಿ ಅವರು ನಿವೃತ್ತರಾದರು. ನ್ಯೂಯಾರ್ಕ್ ರಾಜ್ಯದ ಕ್ಯಾಟ್‌ಸ್ಕಿಲ್ ಬೆಟ್ಟಗಳ ಪ್ರದೇಶದ ಸ್ಟ್ಯಾಮ್‌ಫರ್ಡ್ ಎಂಬ ಸಣ್ಣ ಊರಿನಲ್ಲಿ ನೆಲೆಸಿದ್ದ ಅವರು, 1995ರ ಆಗಸ್ಟ್ ತಿಂಗಳಿನಲ್ಲಿ ತಮ್ಮ 95ನೆಯ ವಯಸ್ಸಿನಲ್ಲಿ ಅಲ್ಲಿಯೇ ನಿಧನರಾದರು. ಹಳದಿ ಶಾಲಾ ಬಸ್ಸಿನ ಜನಕರೆಂದು ಅವರನ್ನು ಇಂದಿಗೂ ಸ್ಮರಿಸಲಾಗುತ್ತಿದೆ.

ನಮ್ಮ ದೇಶದಲ್ಲಿ

ಶಾಲಾ ವಾಹನವು ಎಲ್ಲ ಕಡೆಯೂ ಒಂದೇ ರೀತಿಯಲ್ಲಿ ಗುರುತಿಸಲ್ಪಡಬೇಕೆಂಬ ತತ್ವ ಭಾರತದ ನಿಯಮಗಳಲ್ಲಿಯೂ ಕಂಡುಬರುತ್ತದೆ. 1988ರ ಮೋಟಾರು ವಾಹನಗಳ ಅಧಿನಿಯಮವು ಶಿಕ್ಷಣ ಸಂಸ್ಥೆಯ ಬಸ್ಸನ್ನು ಪ್ರತ್ಯೇಕ ವರ್ಗವಾಗಿ ವ್ಯಾಖ್ಯಾನಿಸಿದೆ. 1997ರ ನವೆಂಬರ್ ತಿಂಗಳಿನಲ್ಲಿ ದೆಹಲಿಯ ವಜೀರಾಬಾದ್ ಸೇತುವೆಯಿಂದ ಶಾಲಾ ಬಸ್ಸೊಂದು ಯಮುನಾ ನದಿಗೆ ಬಿದ್ದು ಅನೇಕ ಮಕ್ಕಳು ಮೃತಪಟ್ಟರು. ಅದೇ ವರ್ಷ ಸರ್ವೋಚ್ಚ ನ್ಯಾಯಾಲಯವು ಶಾಲಾ ಬಸ್ಸುಗಳ ಚಾಲಕರ ಅರ್ಹತೆ, ಅವರ ಪೂರ್ವಾಪರ ಮತ್ತು ಬಸ್ಸಿನ ಮೇಲಿರಬೇಕಾದ ಗುರುತಿನ ಬರಹದ ಬಗ್ಗೆ ನಿರ್ದೇಶನಗಳನ್ನು ನೀಡಿತು. ಶಾಲಾ ಬಸ್ಸುಗಳ ನಿರ್ಮಾಣಕ್ಕೆ ಸಂಬಂಧಿಸಿದ ಎ.ಐ.ಎಸ್. 063 ಮಾನದಂಡವು ಹೊಂಬಣ್ಣದ ಹಳದಿಯನ್ನು ನಿಗದಿಪಡಿಸಿದೆ. ಕರ್ನಾಟಕದಲ್ಲಿ ಶಾಲಾ ಮಕ್ಕಳನ್ನು ಸಾಗಿಸುವ ವಾಹನಗಳಿಗೆ ಅನ್ವಯಿಸುವ ಷರತ್ತುಗಳ ಬಗ್ಗೆ 2012ರಲ್ಲಿ ಪ್ರತ್ಯೇಕ ನಿಯಮಗಳನ್ನು ರೂಪಿಸಲಾಯಿತು.

ಸಾರ್ವಜನಿಕರು ಗಮನಿಸಬೇಕಾದ ಅಂಶಗಳು

1. ಹಳದಿ ಬಣ್ಣ ಮತ್ತು ಶಾಲಾ ವಾಹನವೆಂಬ ಬರಹ ಇತರ ಚಾಲಕರಿಗೆ ನೀಡುವ ಎಚ್ಚರಿಕೆ. ಬಣ್ಣ ಮಾಸಿದ ಅಥವಾ ಬರಹ ಅಳಿಸಿದ ವಾಹನ ಈ ಉದ್ದೇಶವನ್ನು ಈಡೇರಿಸಲಾರದು.

2. ಆಸನ ಸಾಮರ್ಥ್ಯವನ್ನು ಮೀರಿ ಮಕ್ಕಳನ್ನು ಕೂರಿಸಿದಲ್ಲಿ ಆಸನಗಳ ಅಂತರ ಹಾಗೂ ಓಡಾಟದ ದಾರಿಗೆ ಸಂಬಂಧಿಸಿದ ಮಾನದಂಡಗಳು ನಿರರ್ಥಕವಾಗುತ್ತವೆ.

3. ಎಳೆಯ ಮಕ್ಕಳನ್ನು ವಾಹನಕ್ಕೆ ಹತ್ತಿಸುವಾಗ ಮತ್ತು ಇಳಿಸುವಾಗ ಹಿರಿಯರೊಬ್ಬರು ಜೊತೆಗಿರುವುದು ಅಗತ್ಯ. ವಾಹನದ ಮುಂದೆ ಅಥವಾ ಹಿಂದೆ ಮಗು ಇಲ್ಲವೆಂದು ಖಚಿತಪಡಿಸಿಕೊಂಡ ನಂತರವೇ ಚಾಲಕರು ಹೊರಡತಕ್ಕದ್ದು.

4. ಅರ್ಹತಾ ಪ್ರಮಾಣಪತ್ರದ ಅವಧಿ ಮುಗಿಯುವ ಮುನ್ನವೇ ನವೀಕರಣಕ್ಕೆ ಅರ್ಜಿ ಸಲ್ಲಿಸಿ ವಾಹನವನ್ನು ತಪಾಸಣೆಗೆ ಹಾಜರುಪಡಿಸುವುದು. ಪ್ರಮಾಣಪತ್ರವು ಊರ್ಜಿತದಲ್ಲಿದೆಯೇ ಎಂದು ಶಾಲೆಯವರನ್ನು ವಿಚಾರಿಸುವ ಹಕ್ಕು ಪೋಷಕರಿಗೂ ಇದೆ.

ಮಗುವಿನ ಸುರಕ್ಷತೆಯು ಅದು ಹುಟ್ಟಿದ ಊರಿನ ಸಿರಿವಂತಿಕೆಯನ್ನಾಗಲಿ, ಒಬ್ಬ ಮಾಲೀಕರ ಇಚ್ಛೆಯನ್ನಾಗಲಿ ಅವಲಂಬಿಸಬಾರದೆಂಬುದು ಡಾ. ಸಿಯರ್‌ರವರ ಕಾರ್ಯದಿಂದ ತಿಳಿದುಬರುವ ಮುಖ್ಯ ವಿಷಯ. ತಪಾಸಣೆಯ ಸಮಯದಲ್ಲಿ ಪರಿಶೀಲಿಸಲಾಗುವ ಪ್ರತಿಯೊಂದು ಅಂಶವನ್ನೂ ಅರ್ಜಿದಾರರು ಈ ದೃಷ್ಟಿಯಿಂದ ನೋಡಿ ಸಹಕರಿಸಬೇಕೆಂದು ಕೋರಲಾಗಿದೆ.