ಜಾನೆಟ್ ಟ್ರಾವೆಲ್

ಜಾನೆಟ್ ಗ್ರೇಮ್ ಟ್ರಾವೆಲ್ (ಡಿಸೆಂಬರ್ 17, 1901 – ಆಗಸ್ಟ್ 1, 1997) ಅಮೆರಿಕದ ವೈದ್ಯೆ, ಔಷಧಶಾಸ್ತ್ರಜ್ಞೆ ಹಾಗೂ ಸ್ನಾಯುನೋವಿನ ಸಂಶೋಧಕಿ. ಅಮೆರಿಕದ ಅಧ್ಯಕ್ಷರಿಗೆ ಖಾಸಗಿ ವೈದ್ಯರಾಗಿ ನೇಮಕಗೊಂಡ ಮೊದಲ ಮಹಿಳೆ ಎಂದು ಸಾಮಾನ್ಯ ಓದುಗರಿಗೆ ಪರಿಚಿತರು. ಅಧ್ಯಕ್ಷ ಜಾನ್ ಎಫ್. ಕೆನಡಿಯವರ ಬೆನ್ನುನೋವಿಗೆ ಚಿಕಿತ್ಸೆ ನೀಡಿದವರು ಇವರೇ. ದಂತವೈದ್ಯರಿಗೂ ಭೌತಚಿಕಿತ್ಸಕರಿಗೂ ಇವರ ಹೆಸರು ಗೊತ್ತಿರುವುದು ಮತ್ತೊಂದು ಕಾರಣಕ್ಕೆ. ಹಲ್ಲು, ಕಿವಿ ಅಥವಾ ದವಡೆಯ ಕೀಲಿನಲ್ಲಿ ಕಾಣಿಸಿಕೊಳ್ಳುವ ನೋವಿನ ಮೂಲ ಎಷ್ಟೋ ವೇಳೆ ಕೆನ್ನೆ, ಕಪೋಲ ಮತ್ತು ಕುತ್ತಿಗೆಯ ಸ್ನಾಯುಗಳಲ್ಲಿ ಇರುತ್ತದೆ ಎಂಬುದನ್ನು ಇವರು ವಿವರವಾಗಿ ತೋರಿಸಿಕೊಟ್ಟರು. ದವಡೆಯ ಕೀಲಿನ ತೊಂದರೆಗೆ ದಂತವೈದ್ಯರು ಮತ್ತು ಭೌತಚಿಕಿತ್ಸಕರು ಕೂಡಿ ಚಿಕಿತ್ಸೆ ಮಾಡುವ ಇಂದಿನ ಪದ್ಧತಿಗೆ ಆಧಾರ ಒದಗಿಸಿದವರಲ್ಲಿ ಇವರು ಪ್ರಮುಖರು.

ಬಾಲ್ಯ ಮತ್ತು ವಿದ್ಯಾಭ್ಯಾಸ

ಟ್ರಾವೆಲ್ ಅವರು ನ್ಯೂಯಾರ್ಕ್ ನಗರದಲ್ಲಿ ಜನಿಸಿದರು. ತಂದೆ ವಿಲ್ಲರ್ಡ್ ಟ್ರಾವೆಲ್ ವೈದ್ಯರು. ಔಷಧದ ಜೊತೆಗೆ ವಿದ್ಯುತ್ ಯಂತ್ರ ಮೊದಲಾದ ಭೌತಿಕ ಸಾಧನಗಳಿಂದ ನೋವು ಶಮನ ಮಾಡುವುದರಲ್ಲಿ ಅವರಿಗೆ ಆಸಕ್ತಿಯಿತ್ತು. ಮಗಳ ಮುಂದಿನ ದಾರಿಯ ಮೇಲೆ ತಂದೆಯ ಈ ಒಲವು ಪ್ರಭಾವ ಬೀರಿತು. ಜಾನೆಟ್ 1922ರಲ್ಲಿ ವೆಲ್ಲೆಸ್ಲಿ ಕಾಲೇಜಿನಿಂದ ಪದವಿಯನ್ನೂ 1926ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜಿನಿಂದ ವೈದ್ಯಕೀಯ ಪದವಿಯನ್ನೂ ಪಡೆದರು. ವೈದ್ಯಕೀಯ ಕಾಲೇಜುಗಳಲ್ಲಿ ಹೆಣ್ಣುಮಕ್ಕಳು ಬೆರಳೆಣಿಕೆಯಷ್ಟಿದ್ದ ಕಾಲದಲ್ಲಿ ಇವರು ತಮ್ಮ ತರಗತಿಯ ಮುಂಚೂಣಿಯಲ್ಲಿದ್ದರು.

1929ರಲ್ಲಿ ಜಾನ್ ಪೊವೆಲ್ ಅವರನ್ನು ವಿವಾಹವಾದರು. ಜಾನೆಟ್ ಮತ್ತು ವರ್ಜೀನಿಯಾ ಎಂಬ ಇಬ್ಬರು ಹೆಣ್ಣುಮಕ್ಕಳು. ಮದುವೆಯ ನಂತರವೂ ವೃತ್ತಿಯಲ್ಲಿ ತವರಿನ ಹೆಸರನ್ನೇ ಉಳಿಸಿಕೊಂಡರು.

ವೃತ್ತಿಯ ಆರಂಭ

ತರಬೇತಿಯ ದಿನಗಳಲ್ಲಿ ಇವರು ನ್ಯೂಯಾರ್ಕ್ ಪೊಲೀಸರ ಆಂಬುಲೆನ್ಸ್ ವೈದ್ಯೆಯಾಗಿಯೂ ದುಡಿದರು. ಬಳಿಕ ಬೆಲ್‌ವ್ಯೂ ಆಸ್ಪತ್ರೆಯಲ್ಲಿ ನ್ಯುಮೋನಿಯಾ ರೋಗಿಗಳ ಮೇಲೆ ಡಿಜಿಟಾಲಿಸ್ ಎಂಬ ಹೃದಯದ ಔಷಧದ ಪರಿಣಾಮವನ್ನು ಅಧ್ಯಯನ ಮಾಡಿ, 1930ರಿಂದ ಕಾರ್ನೆಲ್‌ನಲ್ಲಿ ಔಷಧಶಾಸ್ತ್ರ ಬೋಧಿಸತೊಡಗಿದರು. ಅಲ್ಲಿಯವರೆಗೆ ಇವರ ವಿಷಯ ಹೃದಯ ಮತ್ತು ಔಷಧಗಳಾಗಿದ್ದವು. ಸ್ನಾಯುಗಳ ಕಡೆಗೆ ಇವರನ್ನು ತಿರುಗಿಸಿದ್ದು ಭುಜದ ನೋವು. ಹೃದಯ ಮತ್ತು ಶ್ವಾಸಕೋಶದ ಕಾಯಿಲೆಯ ರೋಗಿಗಳಲ್ಲಿ ಅನೇಕರು ಮೂಲ ಕಾಯಿಲೆಗಿಂತ ಹೆಚ್ಚಾಗಿ ಭುಜ ಮತ್ತು ತೋಳಿನ ನೋವಿನಿಂದ ನರಳುವುದನ್ನು ಇವರು ಗಮನಿಸಿದರು. ಅದೇ ಕಾಲಕ್ಕೆ ಸ್ವತಃ ಇವರಿಗೂ ಭುಜದ ನೋವು ಕಾಡಿತು. ಸ್ನಾಯುವಿನ ನಿರ್ದಿಷ್ಟ ಬಿಂದುವೊಂದನ್ನು ಒತ್ತಿದಾಗ ನೋವು ದೂರದ ಮತ್ತೊಂದು ಜಾಗದಲ್ಲಿ ಏಳುವುದು ಇವರ ಅನುಭವಕ್ಕೆ ಬಂತು.

ಸ್ನಾಯುನೋವಿನ ಅಧ್ಯಯನ

ಇಂಥ ನೋವನ್ನು ಗುರುತಿಸಿದವರಲ್ಲಿ ಟ್ರಾವೆಲ್ ಮೊದಲಿಗರಲ್ಲ. ಲಂಡನ್ನಿನ ಕೆಲ್‌ಗ್ರೆನ್ ಎಂಬ ವೈದ್ಯರು 1938ರಲ್ಲಿಯೇ ಸ್ನಾಯುಗಳಿಗೆ ಉಪ್ಪಿನ ದ್ರಾವಣವನ್ನು ಚುಚ್ಚಿ, ನೋವು ಎಲ್ಲೆಲ್ಲಿ ಹರಡುತ್ತದೆಂಬ ನಕ್ಷೆಯನ್ನು ಪ್ರಕಟಿಸಿದ್ದರು. ಟ್ರಾವೆಲ್ ಮತ್ತು ಹೃದ್ರೋಗ ತಜ್ಞ ಸೀಮೋರ್ ರಿಂಜ್ಲರ್ ಈ ತಿಳಿವಳಿಕೆಯನ್ನು ಪ್ರಯೋಗಶಾಲೆಯಿಂದ ರೋಗಿಯ ಹಾಸಿಗೆಯ ಬಳಿಗೆ ತಂದರು. ಭುಜ ಮತ್ತು ತೋಳಿನ ನೋವಿಗೆ ಪ್ರೊಕೇನ್ ಚುಚ್ಚುಮದ್ದು ನೀಡುವ ಕುರಿತ ಇವರ ಲೇಖನ 1942ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಪ್ರಕಟವಾಯಿತು. ಪ್ರೊಕೇನ್ ಎಂದರೆ ಹಲ್ಲು ಕೀಳುವಾಗ ವಸಡನ್ನು ಮರಗಟ್ಟಿಸಲು ದಂತವೈದ್ಯರು ಬಳಸುತ್ತಿದ್ದ ಅದೇ ಔಷಧ. 1952ರಲ್ಲಿ ಇವರಿಬ್ಬರೂ ದೇಹದ ಅನೇಕ ಸ್ನಾಯುಗಳ ನೋವಿನ ನಕ್ಷೆಗಳನ್ನು ಒಟ್ಟಾಗಿ ಪ್ರಕಟಿಸಿದರು.

ಸ್ನಾಯುವಿನಲ್ಲಿ ಬಿಗಿದ ಎಳೆಯೊಂದರ ಮೇಲೆ ಬೆರಳಿಗೆ ಸಿಗುವ, ಒತ್ತಿದರೆ ನೋಯುವ ಚಿಕ್ಕ ಗಂಟಿನಂಥ ಜಾಗಕ್ಕೆ ಟ್ರಿಗರ್ ಪಾಯಿಂಟ್ ಎಂದು ಹೆಸರು. ಬಂದೂಕಿನ ಕುದುರೆಯನ್ನು ಇಲ್ಲಿ ಎಳೆದರೆ ಗುಂಡು ಅಲ್ಲೆಲ್ಲೋ ತಾಗುವಂತೆ, ಗಂಟು ಇರುವುದು ಒಂದು ಕಡೆ, ನೋವು ಕಾಣುವುದು ಮತ್ತೊಂದು ಕಡೆ. ಚುಚ್ಚುಮದ್ದಿನ ಜೊತೆಗೆ ಟ್ರಾವೆಲ್ ಬಳಕೆಗೆ ತಂದ ಇನ್ನೊಂದು ವಿಧಾನವೆಂದರೆ ಎಥಿಲ್ ಕ್ಲೋರೈಡ್ ಎಂಬ ತಂಪು ದ್ರವವನ್ನು ಸ್ನಾಯುವಿನ ಮೇಲಿನ ಚರ್ಮಕ್ಕೆ ಸಿಂಪಡಿಸುತ್ತ, ಜೊತೆಯಲ್ಲೇ ಆ ಸ್ನಾಯುವನ್ನು ನಿಧಾನವಾಗಿ ಹಿಗ್ಗಿಸುವುದು. ತಂಪಿನಿಂದ ನೋವಿನ ಅರಿವು ಕುಗ್ಗುವುದರಿಂದ ಬಿಗಿದ ಸ್ನಾಯು ಹಿಗ್ಗಲು ಒಪ್ಪುತ್ತದೆ. ಇಲ್ಲಿ ಗುಣ ಬರುವುದು ಹಿಗ್ಗಿಸುವುದರಿಂದಲೇ, ಸಿಂಪರಣೆ ಬರೀ ನೆರವು. ಬಹುಮಂದಿ ಓದುಗರು ಇದನ್ನು ತಿರುವುಮುರುವಾಗಿ ತಿಳಿದುಕೊಳ್ಳುತ್ತಾರೆ.

ದವಡೆಯ ಕೀಲಿನ ನೋವು

ಕಿವಿಯ ಮುಂಭಾಗಕ್ಕೆ ಬೆರಳಿಟ್ಟು ಬಾಯಿ ತೆರೆದರೆ ಚಲಿಸುವಂತೆ ತೋರುವುದೇ ದವಡೆಯ ಕೀಲು. ಇದು ಬಾಗಿಲ ತಿರುಗಣಿಯಂತೆ ತಿರುಗುವುದಲ್ಲದೆ ಮುಂದಕ್ಕೂ ಜಾರುತ್ತದೆ. ಎಡಬಲದ ಎರಡು ಕೀಲುಗಳೂ ಒಂದೇ ಎಲುಬಿಗೆ ಸೇರಿರುವುದರಿಂದ ಒಂದು ಕಡೆ ತೊಂದರೆಯಾದರೆ ಇನ್ನೊಂದು ಕಡೆಯೂ ಸುಮ್ಮನಿರುವುದಿಲ್ಲ.

ಈ ಕೀಲಿನ ನೋವು ಯಾವ ವೈದ್ಯರ ಪಾಲಿಗೆ ಸೇರಬೇಕೆಂಬುದೇ ಬಹುಕಾಲ ತೀರ್ಮಾನವಾಗಿರಲಿಲ್ಲ. ಸೇಂಟ್ ಲೂಯಿಸ್ ನಗರದ ಕಿವಿ-ಮೂಗು-ಗಂಟಲು ತಜ್ಞ ಜೇಮ್ಸ್ ಕಾಸ್ಟೆನ್ 1934ರಲ್ಲಿ 11 ರೋಗಿಗಳ ವಿವರ ಪ್ರಕಟಿಸಿ, ದವಡೆ ಹಲ್ಲುಗಳು ಬಿದ್ದುಹೋದಾಗ ಕೆಳದವಡೆ ಅತಿಯಾಗಿ ಮುಚ್ಚಿಕೊಂಡು ಕೀಲಿನ ಹಿಂಭಾಗದ ನರಗಳನ್ನೂ ಕಿವಿಯ ನಾಳವನ್ನೂ ಒತ್ತುತ್ತದೆ, ಕಿವಿನೋವು, ತಲೆಸುತ್ತು, ತಲೆನೋವುಗಳಿಗೆ ಅದೇ ಕಾರಣ ಎಂದು ವಾದಿಸಿದರು. ಅಂದಿನಿಂದ ಈ ತೊಂದರೆ ದಂತವೈದ್ಯರ ಕೈಗೆ ಬಂತು. ಹಲ್ಲು ಕಟ್ಟಿ ಕಡಿತದ ಎತ್ತರ ಹೆಚ್ಚಿಸುವುದು, ಹಲ್ಲುಗಳನ್ನು ಉಜ್ಜಿ ಕಡಿತ ಸರಿಪಡಿಸುವುದು ಮುಖ್ಯ ಚಿಕಿತ್ಸೆಯಾಯಿತು. ಕಾಸ್ಟೆನ್ ಹೇಳಿದಂತೆ ನರ ಒತ್ತಿಹೋಗಲು ಅಂಗರಚನೆಯಲ್ಲಿ ಅವಕಾಶವಿಲ್ಲವೆಂದು ಹ್ಯಾರಿ ಸಿಚರ್ 1948ರಲ್ಲಿ ತೋರಿಸಿದರೂ, ನೋವಿನ ಮೂಲ ಬೇರೆಲ್ಲಿದೆ ಎಂಬ ಪ್ರಶ್ನೆ ಉಳಿದೇ ಇತ್ತು.

ಇದಕ್ಕೆ ಸ್ನಾಯುಗಳ ಕಡೆಯಿಂದ ಉತ್ತರ ಹುಡುಕಿದವರು ನ್ಯೂಯಾರ್ಕಿನವರು. ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ದಂತವೈದ್ಯ ಲಾಸ್ಲೋ ಶ್ವಾರ್ಟ್ಜ್ 1949ರಲ್ಲಿ ದವಡೆಯ ಕೀಲಿಗೆಂದೇ ಒಂದು ಚಿಕಿತ್ಸಾಲಯ ಆರಂಭಿಸಿದರು. ಬಾಯಿ ಪೂರ್ತಿ ತೆರೆಯಲಾಗದ ರೋಗಿಗಳಿಗೆ ಎಥಿಲ್ ಕ್ಲೋರೈಡ್ ಸಿಂಪರಣೆ ನೀಡಿದ ಅನುಭವವನ್ನು ಅವರು 1954ರಲ್ಲಿ ದಂತವೈದ್ಯರ ಪತ್ರಿಕೆಯಲ್ಲಿ ವರದಿ ಮಾಡಿದರು. 1960ರಲ್ಲಿ ಟ್ರಾವೆಲ್ ತಾವೇ ಕೃತಕ ದಂತ ಚಿಕಿತ್ಸಕರ ಪತ್ರಿಕೆಯೊಂದರಲ್ಲಿ, ತಲೆ ಮತ್ತು ಕುತ್ತಿಗೆಯ ಸ್ನಾಯುಗಳಿಂದ ದವಡೆಯ ಕೀಲಿಗೆ ಬರುವ ನೋವನ್ನು ಕುರಿತ ಲೇಖನ ಬರೆದರು. ಹೃದ್ರೋಗದಿಂದ ಹೊರಟ ವೈದ್ಯೆಯೊಬ್ಬರು ದಂತವೈದ್ಯರಿಗೆ ಪಾಠ ಹೇಳಿದ ಈ ಬರಹ ಇಂದಿಗೂ ಉಲ್ಲೇಖಗೊಳ್ಳುತ್ತದೆ.

ಇವರ ನಕ್ಷೆಗಳ ಪ್ರಕಾರ, ಕೆನ್ನೆಯ ಮ್ಯಾಸೆಟರ್ ಸ್ನಾಯುವಿನ ಗಂಟುಗಳು ಮೇಲಿನ ಮತ್ತು ಕೆಳಗಿನ ದವಡೆ ಹಲ್ಲುಗಳಲ್ಲಿ ನೋವು ತರುತ್ತವೆ. ಅದೇ ಸ್ನಾಯುವಿನ ಒಳಪದರದಿಂದ ಕಿವಿಯೊಳಗೆ ನೋವು ಬರುತ್ತದೆ. ಕಪೋಲದ ಟೆಂಪೊರಾಲಿಸ್ ಸ್ನಾಯುವಿನಿಂದ ತಲೆನೋವೂ ಮೇಲಿನ ಹಲ್ಲುಗಳ ನೋವೂ, ದವಡೆಯ ಒಳಭಾಗದ ಟೆರಿಗಾಯ್ಡ್ ಸ್ನಾಯುವಿನಿಂದ ಕೀಲಿನಲ್ಲೇ ನೋವೂ ಕಾಣಿಸುತ್ತವೆ. ಕುತ್ತಿಗೆಯ ಪಕ್ಕದ ಸ್ನಾಯು ಹಣೆಗೂ ಕಿವಿಗೂ, ಹೆಗಲಿನ ಟ್ರೆಪಿಜಿಯಸ್ ಸ್ನಾಯು ಕಪೋಲಕ್ಕೂ ದವಡೆಯ ಮೂಲೆಗೂ ನೋವನ್ನು ಕಳಿಸುತ್ತವೆ. ಇದರ ಪರಿಣಾಮವನ್ನು ಊಹಿಸುವುದು ಕಷ್ಟವಲ್ಲ. ರೋಗಿ ನೋಯುವ ಹಲ್ಲನ್ನು ಬೆರಳಿಟ್ಟು ತೋರಿಸುತ್ತಾನೆ, ಹಲ್ಲಿನಲ್ಲಿ ಹುಳುಕಿಲ್ಲ, ಎಕ್ಸ್-ರೇಯಲ್ಲೂ ದೋಷವಿಲ್ಲ. ಆದರೂ ನೋವು ತಾಳಲಾರದೆ ಹಲ್ಲು ಕೀಳಿಸಿಕೊಳ್ಳುತ್ತಾನೆ. ನೋವು ಹಾಗೆಯೇ ಉಳಿದು ಪಕ್ಕದ ಹಲ್ಲಿನ ಸರದಿ ಬರುತ್ತದೆ. ಕೀಳುವ ಮುನ್ನ ಕೆನ್ನೆ, ಕುತ್ತಿಗೆಗಳನ್ನು ಒತ್ತಿ ನೋಡುವ ಪರಿಪಾಠ ದಂತವೈದ್ಯರಲ್ಲಿ ಬೇರೂರಲು ಈ ನಕ್ಷೆಗಳು ಬಹುಮಟ್ಟಿಗೆ ಕಾರಣವಾದವು. ಕುತ್ತಿಗೆ ಮತ್ತು ಹೆಗಲಿನ ಸ್ನಾಯುಗಳು ದಂತವೈದ್ಯರ ವ್ಯಾಪ್ತಿಗೆ ಹೊರಗಾದ್ದರಿಂದ, ಭೌತಚಿಕಿತ್ಸಕರ ನೆರವು ಅನಿವಾರ್ಯವಾದದ್ದೂ ಇಲ್ಲಿಂದಲೇ.

ಶ್ವೇತಭವನದ ವರ್ಷಗಳು

1954–55ರಲ್ಲಿ ಬೆನ್ನಿನ ಶಸ್ತ್ರಚಿಕಿತ್ಸೆಗಳು ಫಲಿಸದೆ ಊರುಗೋಲಿನಲ್ಲಿ ನಡೆಯುತ್ತಿದ್ದ ಸೆನೆಟರ್ ಕೆನಡಿ 1955ರಲ್ಲಿ ಟ್ರಾವೆಲ್ ಅವರ ಬಳಿಗೆ ಬಂದರು. ಟ್ರಾವೆಲ್ ಪ್ರೊಕೇನ್ ಚುಚ್ಚುಮದ್ದು ನೀಡಿದ್ದಲ್ಲದೆ, ಅವರ ಎಡಗಾಲು ತುಸು ಗಿಡ್ಡವಿರುವುದನ್ನು ಕಂಡು ಪಾದರಕ್ಷೆಯ ಹಿಮ್ಮಡಿ ಎತ್ತರಿಸಿದರು. ತೂಗುವ ಕುರ್ಚಿಯಲ್ಲಿ ಕೂರಲು ಸಲಹೆ ಮಾಡಿದರು. ಆ ಕುರ್ಚಿ ಮುಂದೆ ಕೆನಡಿಯವರ ಗುರುತೇ ಆಯಿತು. 1961ರ ಜನವರಿಯಲ್ಲಿ ಕೆನಡಿ ಅಧ್ಯಕ್ಷರಾದಾಗ ಟ್ರಾವೆಲ್ ಅವರನ್ನು ಖಾಸಗಿ ವೈದ್ಯರನ್ನಾಗಿ ನೇಮಿಸಿಕೊಂಡರು.

ಅದೇ ವರ್ಷ ಮೇ ತಿಂಗಳಲ್ಲಿ ಕೆನಡಾದ ಒಟ್ಟಾವದಲ್ಲಿ ಗಿಡ ನೆಡುವಾಗ ಅಧ್ಯಕ್ಷರ ಬೆನ್ನು ಮತ್ತೆ ಉಳುಕಿತು. ಚುಚ್ಚುಮದ್ದುಗಳು ಹೆಚ್ಚುತ್ತ ಹೋದವು. ಇದನ್ನು ನೌಕಾಪಡೆಯ ವೈದ್ಯ ಜಾರ್ಜ್ ಬರ್ಕ್ಲಿ ಮೊದಲಾದವರು ಒಪ್ಪಲಿಲ್ಲ. ನೋವನ್ನು ಮರಗಟ್ಟಿಸುವುದರಿಂದ ಸ್ನಾಯು ಬಲಗೊಳ್ಳದು, ವ್ಯಾಯಾಮವೇ ಬೇಕು ಎಂಬುದು ಅವರ ನಿಲುವು. ಅಕ್ಟೋಬರ್‌ನಲ್ಲಿ ವ್ಯಾಯಾಮ ಚಿಕಿತ್ಸೆಯ ತಜ್ಞ ಹ್ಯಾನ್ಸ್ ಕ್ರೌಸ್ ಅವರನ್ನು ಕರೆಸಲಾಯಿತು. ಕ್ರಮಬದ್ಧ ವ್ಯಾಯಾಮದಿಂದ ಅಧ್ಯಕ್ಷರ ಸ್ಥಿತಿ ಸುಧಾರಿಸಿತು. ಟ್ರಾವೆಲ್ ಹುದ್ದೆಯಲ್ಲಿ ಉಳಿದರೂ ಬೆನ್ನಿನ ಚಿಕಿತ್ಸೆ ಅವರ ಕೈತಪ್ಪಿತು. ಎಥಿಲ್ ಕ್ಲೋರೈಡ್ ಸಿಂಪರಣೆಯನ್ನು ಟ್ರಾವೆಲ್‌ಗಿಂತ ಮೊದಲೇ ಸ್ನಾಯುನೋವಿಗೆ ಬಳಸಿದ್ದವರು ಇದೇ ಕ್ರೌಸ್ ಎಂಬುದು ಈ ಪ್ರಸಂಗದ ವೈಚಿತ್ರ್ಯ. ಈ ಭಿನ್ನಾಭಿಪ್ರಾಯದಲ್ಲಿ ಕ್ರೌಸ್ ಪಕ್ಷವೇ ಬಲವಾಗಿತ್ತೆಂದು ಹೇಳಬೇಕಾಗುತ್ತದೆ.

ಕೆನಡಿಯವರ ಹತ್ಯೆಯ ನಂತರ ಅಧ್ಯಕ್ಷ ಲಿಂಡನ್ ಜಾನ್ಸನ್ ಅವರ ಕಾಲದಲ್ಲೂ 1965ರವರೆಗೆ ಟ್ರಾವೆಲ್ ಶ್ವೇತಭವನದಲ್ಲಿದ್ದರು. ಜಾರ್ಜ್ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಬೋಧನೆಯನ್ನೂ ನಡೆಸಿದರು. 1968ರಲ್ಲಿ ಆತ್ಮಕಥೆ ಪ್ರಕಟಿಸಿದರು.

ಸೈಮನ್ಸ್ ಜೊತೆಗಿನ ಗ್ರಂಥ

ಡೇವಿಡ್ ಸೈಮನ್ಸ್ ವಾಯುಪಡೆಯ ವೈದ್ಯರು. 1957ರಲ್ಲಿ ಬಲೂನಿನಲ್ಲಿ 30 ಕಿ.ಮೀ.ಗೂ ಹೆಚ್ಚು ಎತ್ತರಕ್ಕೆ ಏರಿ ದಾಖಲೆ ಮಾಡಿದ್ದವರು. ಟ್ರಾವೆಲ್ ಅವರ ಉಪನ್ಯಾಸ ಕೇಳಿ ಸ್ನಾಯುನೋವಿನ ಕಡೆಗೆ ತಿರುಗಿದರು. ಇಬ್ಬರೂ ಸೇರಿ ರಚಿಸಿದ ಟ್ರಿಗರ್ ಪಾಯಿಂಟ್ ಕೈಪಿಡಿಯ ಮೊದಲ ಸಂಪುಟ 1983ರಲ್ಲಿ, ಎರಡನೆಯದು 1992ರಲ್ಲಿ ಹೊರಬಂದವು. ಮೊದಲ ಸಂಪುಟ ಹೊರಬಂದಾಗ ಟ್ರಾವೆಲ್ ಅವರಿಗೆ 81 ವರ್ಷ. ನೋವು ಹರಡುವ ಜಾಗವನ್ನು ಕೆಂಪು ಬಣ್ಣದಲ್ಲಿ ತೋರಿಸುವ ಅದರ ಚಿತ್ರಗಳು ಭೌತಚಿಕಿತ್ಸಾಲಯಗಳ ಗೋಡೆಗಳಿಗೂ ಬಂದವು. ಟ್ರಾವೆಲ್ ವೈದ್ಯರಾಗಿದ್ದರೂ ಈ ಗ್ರಂಥವನ್ನು ಹೆಚ್ಚು ಬಳಸಿದವರು ಭೌತಚಿಕಿತ್ಸಕರು.

ಇದರಲ್ಲಿ ಚುಚ್ಚುಮದ್ದಿನಷ್ಟೇ ಮಹತ್ವವನ್ನು ನೋವು ಮರುಕಳಿಸಲು ಕಾರಣವಾಗುವ ಸಂಗತಿಗಳಿಗೂ ನೀಡಲಾಗಿದೆ. ಕೂರುವ ಭಂಗಿ, ತಲೆ ಮುಂದೆ ಚಾಚಿ ಕೆಲಸ ಮಾಡುವುದು, ಹಲ್ಲು ಕಡಿಯುವುದು, ಪೋಷಕಾಂಶಗಳ ಕೊರತೆ ಇತ್ಯಾದಿ ಕಾರಣಗಳನ್ನು ನಿವಾರಿಸದೆ ಗಂಟನ್ನು ಮಾತ್ರ ಕರಗಿಸಿದರೆ ಅದು ಮತ್ತೆ ಬರುತ್ತದೆ ಎಂಬುದು ಗ್ರಂಥದ ಪ್ರತಿಪಾದನೆ. ಶ್ವೇತಭವನದ ವಿವಾದವನ್ನು ನೆನಪಿಟ್ಟು ಓದಿದರೆ ಈ ಅಧ್ಯಾಯಗಳ ತೂಕ ಹೆಚ್ಚುತ್ತದೆ.

ಆಕ್ಷೇಪಣೆಗಳು

ಟ್ರಿಗರ್ ಪಾಯಿಂಟ್ ಸಿದ್ಧಾಂತ ಪ್ರಶ್ನಾತೀತವಲ್ಲ. ಒಬ್ಬ ಪರೀಕ್ಷಕನಿಗೆ ಸಿಕ್ಕ ಗಂಟು ಇನ್ನೊಬ್ಬನ ಬೆರಳಿಗೆ ಅದೇ ಜಾಗದಲ್ಲಿ ಸಿಗುವುದೆಂಬ ಭರವಸೆಯಿಲ್ಲ. ಆಸ್ಟ್ರೇಲಿಯಾದ ಜಾನ್ ಕ್ವಿಂಟ್ನರ್ ಮತ್ತು ಮಿಲ್ಟನ್ ಕೋಹೆನ್ 1994ರಲ್ಲಿ, ಈ ನೋವಿಗೆ ಸ್ನಾಯುವಿಗಿಂತ ನರಗಳೇ ಕಾರಣವಿರಬಹುದೆಂದು ವಾದಿಸಿದರು. ಕಾರಣದ ವಿಷಯದಲ್ಲಿ ಚರ್ಚೆ ಮುಂದುವರಿದಿದ್ದರೂ, ಒತ್ತಿದ ಜಾಗದಿಂದ ದೂರಕ್ಕೆ ಹರಡುವ ನೋವು ನಿಜವೆಂಬುದನ್ನು ವೈದ್ಯಶಾಸ್ತ್ರ ಒಪ್ಪಿದೆ. ದವಡೆಯ ಕೀಲಿನ ತೊಂದರೆಗಳನ್ನು ಗುರುತಿಸಲು 2014ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಮಾನದಂಡಗಳಲ್ಲಿ ಇಂಥ ಸ್ನಾಯುನೋವಿಗೆ ಪ್ರತ್ಯೇಕ ವರ್ಗವೇ ಇದೆ.

ಇಂದಿನ ಚಿಕಿತ್ಸಾ ಪದ್ಧತಿ

ದಂತವೈದ್ಯರು ಮೊದಲು ಹುಳುಕು, ವಸಡಿನ ಸೋಂಕು, ಹೊರಬರದ ಬುದ್ಧಿಹಲ್ಲು ಇವುಗಳನ್ನು ಪರಿಶೀಲಿಸುತ್ತಾರೆ. ಬಾಯಿ ಎಷ್ಟು ತೆರೆಯುತ್ತದೆಂದು ಅಳೆಯುತ್ತಾರೆ. ವಯಸ್ಕರಲ್ಲಿ ಮುಂಬಲ್ಲುಗಳ ನಡುವೆ ಸಾಧಾರಣವಾಗಿ 40 ಮಿ.ಮೀ. ಅಥವಾ ಹೆಚ್ಚು ಅಂತರವಿರಬೇಕು. ರೋಗಿಯದೇ ಮೂರು ಬೆರಳು ಹಿಡಿಸಿದರೆ ಸರಿಯಿದೆ ಎಂಬುದು ಸುಲಭದ ಲೆಕ್ಕ. ನಿದ್ರೆಯಲ್ಲಿ ಹಲ್ಲು ಕಡಿಯುವವರಿಗೆ ಹಲ್ಲಿನ ಮೇಲೆ ಕೂರುವ ಸ್ಪ್ಲಿಂಟ್ ಮಾಡಿಕೊಡುತ್ತಾರೆ. ಭೌತಚಿಕಿತ್ಸಕರು ಕುತ್ತಿಗೆ ಮತ್ತು ಭಂಗಿಯನ್ನು ಪರೀಕ್ಷಿಸಿ, ಬಿಗಿದ ಸ್ನಾಯುಗಳನ್ನು ಕೈಯಿಂದ ಸಡಿಲಿಸುತ್ತಾರೆ. ಮನೆಯಲ್ಲಿ ಮಾಡಬೇಕಾದ ವ್ಯಾಯಾಮ ಕಲಿಸುತ್ತಾರೆ. ತುಟಿ ಮುಚ್ಚಿದ್ದರೂ ಹಲ್ಲು ತಾಗದಂತೆ ಇರುವುದನ್ನು ರೂಢಿಸುವುದು ಈ ಪಾಠಗಳಲ್ಲಿ ಅತಿ ಸರಳವಾದದ್ದು, ಪಾಲಿಸಲು ಅಷ್ಟೇ ಕಷ್ಟವಾದದ್ದು. ಮರಳಿ ಸರಿಪಡಿಸಲಾಗದಂತೆ ಹಲ್ಲು ಉಜ್ಜುವುದನ್ನಾಗಲಿ ಶಸ್ತ್ರಚಿಕಿತ್ಸೆಯನ್ನಾಗಲಿ ಈಗ ಮೊದಲ ಹೆಜ್ಜೆಯಾಗಿ ಕೈಗೊಳ್ಳುವುದಿಲ್ಲ.

ಕರ್ನಾಟಕದಲ್ಲಿ ಈ ಪರೀಕ್ಷೆಗೆ ಇನ್ನೊಂದು ಎಚ್ಚರ ಬೇಕಾಗುತ್ತದೆ. ಅಡಿಕೆ, ಗುಟ್ಕಾ ಜಗಿಯುವವರಲ್ಲಿ ಬಾಯಿಯ ಒಳಪದರ ನಾರುಗಟ್ಟಿ, ವರ್ಷಗಳು ಕಳೆದಂತೆ ಬಾಯಿ ತೆರೆಯಲಾಗದ ಸ್ಥಿತಿ ಬರುತ್ತದೆ. ಸಬ್‌ಮ್ಯೂಕಸ್ ಫೈಬ್ರೋಸಿಸ್ ಎಂಬ ಈ ರೋಗ ಬಾಯಿಯ ಕ್ಯಾನ್ಸರ್‌ಗೆ ತಿರುಗುವ ಅಪಾಯವಿದೆ. ಬಾಯಿ ಬಿಗಿದಿದೆ ಎಂದಾಕ್ಷಣ ಸ್ನಾಯುವಿನ ದೋಷವೆಂದು ಭಾವಿಸಿದರೆ ಈ ರೋಗ ಕಣ್ತಪ್ಪಬಹುದು. ಖಾರ ತಗುಲಿದರೆ ಉರಿ, ಕೆನ್ನೆಯ ಒಳಭಾಗ ಬಿಳಿಚಿಕೊಂಡು ಗಟ್ಟಿಯಾಗುವುದು ಇದರ ಲಕ್ಷಣಗಳು. ಇಲ್ಲಿಯೂ ಚಟ ಬಿಡಿಸುವುದರ ಜೊತೆಗೆ ದಂತವೈದ್ಯರ ಔಷಧ ಮತ್ತು ಬಾಯಿ ತೆರೆಯುವ ವ್ಯಾಯಾಮ ಎರಡೂ ಬೇಕಾಗುತ್ತವೆ. ಸಿಂಧನೂರು, ಮಸ್ಕಿ, ಲಿಂಗಸುಗೂರು ತಾಲ್ಲೂಕುಗಳಿಗೆ ಜಿಲ್ಲಾ ಕೇಂದ್ರವಾದ ರಾಯಚೂರಿನಲ್ಲಿ ದಂತವೈದ್ಯಕೀಯ ಮತ್ತು ಫಿಸಿಯೋಥೆರಪಿ ಕಾಲೇಜುಗಳು ಎರಡೂ ಇವೆ.

ನಿಧನ

ಟ್ರಾವೆಲ್ ಅವರು ತೊಂಬತ್ತರ ವಯಸ್ಸಿನಲ್ಲೂ ಬರವಣಿಗೆ ಬಿಟ್ಟಿರಲಿಲ್ಲ. ಕೈಪಿಡಿಯ ಎರಡನೆಯ ಸಂಪುಟ ಹೊರಬಂದದ್ದು ಆ ವಯಸ್ಸಿನಲ್ಲಿಯೇ. 1997ರ ಆಗಸ್ಟ್ 1ರಂದು ಮ್ಯಾಸಚೂಸೆಟ್ಸ್‌ನ ನಾರ್ತಾಂಪ್ಟನ್‌ನಲ್ಲಿ ತಮ್ಮ 95ನೆಯ ವಯಸ್ಸಿನಲ್ಲಿ ಹೃದಯ ವೈಫಲ್ಯದಿಂದ ನಿಧನರಾದರು. ಇವರ ಪತ್ರಗಳು ಮತ್ತು ದಾಖಲೆಗಳು ಜಾರ್ಜ್ ವಾಷಿಂಗ್ಟನ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿವೆ.