ಮುಖವಾಡ ಕೇಳಿದ ಗೋಲ್‌ಕೀಪರ್, ಬೇಡ ಅಂದ ಕೋಚ್

1959ರ ನವೆಂಬರ್ 1ರ ರಾತ್ರಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಐಸ್ ಹಾಕಿ ಪಂದ್ಯವೊಂದು ನಡುವೆಯೇ ನಿಂತುಹೋಯಿತು. ಆಂಡಿ ಬ್ಯಾತ್‌ಗೇಟ್ ಹೊಡೆದ ಪಕ್, ಅಂದರೆ ಆ ಗಟ್ಟಿ ರಬ್ಬರ್ ಬಿಲ್ಲೆ, ಮಾಂಟ್ರಿಯಲ್ ಕೆನೇಡಿಯನ್ಸ್ ತಂಡದ ಗೋಲ್‌ಕೀಪರ್ ಝಾಕ್ ಪ್ಲಾಂಟ್‌ನ ಮುಖಕ್ಕೆ ಬಡಿದಿತ್ತು. ಒಳಗೆ ಹೋಗಿ ಹೊಲಿಗೆ ಹಾಕಿಸಿಕೊಂಡ ಪ್ಲಾಂಟ್, ಮುಖವಾಡ ಇಲ್ಲದೆ ಐಸ್ ಮೇಲೆ ಕಾಲಿಡೋದಿಲ್ಲ ಅಂತ ಪಟ್ಟು ಹಿಡಿದ.

ಕೋಚ್ ಟೋ ಬ್ಲೇಕ್‌ಗೆ ಅದು ಸುತರಾಂ ಇಷ್ಟವಿರಲಿಲ್ಲ. ಅಭ್ಯಾಸದಲ್ಲಿ ಹಾಕಿಕೋ, ಪಂದ್ಯದಲ್ಲಿ ಬೇಡ ಅನ್ನೋದು ಆತನ ನಿಲುವು. ಮುಖವಾಡ ಕಣ್ಣಿಗೆ ಅಡ್ಡ ಬರುತ್ತದೆ, ಪುಕ್ಕಲರಷ್ಟೇ ಅದನ್ನು ಹಾಕುತ್ತಾರೆ ಎಂಬ ನಂಬಿಕೆ ಆಗ ಇಡೀ ಆಟದಲ್ಲೇ ಇತ್ತು. ಆದರೆ ಆ ಕಾಲದ ತಂಡಗಳು ಎರಡನೇ ಗೋಲ್‌ಕೀಪರ್‌ನನ್ನು ಜೊತೆಗೆ ಇಟ್ಟುಕೊಳ್ಳುತ್ತಿರಲಿಲ್ಲ. ಬ್ಲೇಕ್ ಬಗ್ಗಲೇಬೇಕಾಯಿತು. ಮಾಂಟ್ರಿಯಲ್ 3-1ರಿಂದ ಗೆದ್ದಿತು.

ಪ್ಲಾಂಟ್ ಹುಟ್ಟಿದ್ದು 1929ರಲ್ಲಿ, ಕ್ವಿಬೆಕ್ ಪ್ರಾಂತ್ಯದ ಬಡ ಮನೆಯಲ್ಲಿ, ಹನ್ನೊಂದು ಮಕ್ಕಳಲ್ಲಿ ಹಿರಿಯನಾಗಿ. ಉಬ್ಬಸ ಇದ್ದುದರಿಂದ ಹೆಚ್ಚು ಹೊತ್ತು ಸ್ಕೇಟ್ ಮಾಡೋಕೆ ಆಗದೆ ಗೋಲ್ ಕಾಯಲು ನಿಂತ ಹುಡುಗ. ಅಮ್ಮನಿಂದ ಹೆಣಿಗೆ ಕಲಿತು ತನ್ನ ಉಣ್ಣೆ ಟೋಪಿಯನ್ನು ತಾನೇ ಹೆಣೆದುಕೊಳ್ಳುತ್ತಿದ್ದ. ಬ್ಲೇಕ್‌ಗಿಂತ ಮೊದಲಿದ್ದ ಕೋಚ್ ಡಿಕ್ ಇರ್ವಿನ್ ಆ ಟೋಪಿಗೂ ತಕರಾರು ತೆಗೆದಿದ್ದ. ತಲೆ ಮೇಲೆ ಏನಿರಬೇಕು ಅಂತ ಕೋಚ್‌ಗಳ ಜೊತೆ ಜಗಳವಾಡೋದೇ ಈತನ ಹಣೆಬರಹ ಅನಿಸುತ್ತದೆ!

ಗಾಯ ಮಾಗಿದ ಮೇಲೂ ಪ್ಲಾಂಟ್ ಮುಖವಾಡ ತೆಗೆಯಲಿಲ್ಲ. ತಂಡ ಸತತ 18 ಪಂದ್ಯ ಸೋಲದೆ ಆಡಿತು. 1960ರ ಮಾರ್ಚ್‌ನಲ್ಲಿ ಬ್ಲೇಕ್ ಒತ್ತಾಯಕ್ಕೆ ಒಮ್ಮೆ ತೆಗೆದ, ಡೆಟ್ರಾಯಿಟ್ ಎದುರು 3-0 ಸೋಲು. ಮತ್ತೆ ಹಾಕಿಕೊಂಡ. ಆ ವರ್ಷ ಮಾಂಟ್ರಿಯಲ್ ಸತತ ಐದನೇ ಸ್ಟಾನ್ಲಿ ಕಪ್ ಎತ್ತಿತು. 1970ರಲ್ಲಿ, 41ನೇ ವಯಸ್ಸಿನಲ್ಲಿ, ಸೇಂಟ್ ಲೂಯಿಸ್ ಪರ ಆಡುವಾಗ ಪಕ್ ಬಡಿದು ಪ್ರಜ್ಞೆ ತಪ್ಪಿ ಬಿದ್ದ. ಉಳಿಸಿದ್ದು ಅದೇ ಫೈಬರ್‌ಗ್ಲಾಸ್ ಮುಖವಾಡ.

ಈ ಕಥೆ ಈಗ ಯಾಕೆ ಅಂದರೆ, ನಾನಿರುವ ಒಂಟಾರಿಯೋದಲ್ಲಿ ಮಗನನ್ನು ಬೆಳಗಿನ ಹಾಕಿ ಅಭ್ಯಾಸಕ್ಕೆ ಬಿಡುವಾಗ ನಾನು ಕಾಣೋದು ಬೇರೆಯೇ ಚಿತ್ರ. ಮಕ್ಕಳೆಲ್ಲ ಹೆಲ್ಮೆಟ್, ಜಾಲರಿ, ಗಲ್ಲದ ಪಟ್ಟಿ ಬಿಗಿದು ಸಜ್ಜು. ನಡುವೆ ಒಬ್ಬ ಕೋಚ್ ಬೇಸ್‌ಬಾಲ್ ಟೋಪಿಯಲ್ಲಿ. ಐಸ್ ಮೇಲಿರುವ ಕೋಚ್ ಕೂಡ ಹೆಲ್ಮೆಟ್ ಹಾಕಿ ಪಟ್ಟಿ ಬಿಗಿಯಬೇಕು ಅಂತ ಹಾಕಿ ಕೆನಡಾ ನಿಯಮವೇ ಇದೆ, ಅಮೆರಿಕದಲ್ಲೂ ಇದೆ. ಕೋಚ್‌ಗಳು ಹಿಂದಕ್ಕೆ ಸ್ಕೇಟ್ ಮಾಡುತ್ತಾ ಮಕ್ಕಳನ್ನು ನೋಡುತ್ತಿರುತ್ತಾರೆ. ಎಂಟು ವರ್ಷದ ಮಗು ಕಾಲಿಗೆ ಅಡ್ಡ ಬಂದರೆ ಮೊದಲು ಐಸ್‌ಗೆ ಬಡಿಯೋದು ಹಿಂದಲೆ.

ನಿಯಮ ಇದ್ದೂ ಹೀಗಾಗೋದು ಯಾಕೆ? ಪಂದ್ಯಕ್ಕೆ ರೆಫ್ರಿ ಇರುತ್ತಾರೆ, ಅಭ್ಯಾಸಕ್ಕೆ ಯಾರೂ ಇರೋದಿಲ್ಲ. ಬಹುತೇಕ ಕೋಚ್‌ಗಳು ಸಂಬಳವಿಲ್ಲದೆ ದುಡಿಯುವ ಅಪ್ಪ ಅಮ್ಮಂದಿರು. ಅವರಿಗೆ ಬುದ್ಧಿ ಹೇಳೋಕೆ ಕ್ಲಬ್‌ಗೆ ಮುಜುಗರ, ಮಗನ ಜಾಗ ಹೋದೀತು ಅಂತ ನಮಗೆ ಭಯ. ಪ್ಲಾಂಟ್‌ಗಿದ್ದ ಬಲ ಮಕ್ಕಳಿಗಿಲ್ಲ: ಆತ ಆಡದಿದ್ದರೆ ಪಂದ್ಯವೇ ನಿಲ್ಲುತ್ತಿತ್ತು. ಹಾಗಾಗಿ ತಡೆಯಬೇಕಾದ್ದು ರಿಂಕ್‌ನ ಗೇಟ್‌ನಲ್ಲೇ. ಹೆಲ್ಮೆಟ್ ಇಲ್ಲದ ಕೋಚ್ ಐಸ್‌ಗೆ ಇಳಿದರೆ ಆ ದಿನದ ಅಭ್ಯಾಸ ರದ್ದು, ಎರಡನೇ ಸಲ ಆದರೆ ಅಮಾನತು. ಇದನ್ನು ಕೋಚ್‌ನ ಗೆಳೆಯರಲ್ಲದ ಒಬ್ಬರು ನೋಡಿಕೊಳ್ಳಬೇಕು.

ದೊಡ್ಡವರ ಲೀಗ್ ಕೂಡ ಇದರಲ್ಲಿ ಆಮೆನಡಿಗೆಯದೇ. ಹೊಸ ಆಟಗಾರರಿಗೆ ಎನ್‌ಎಚ್‌ಎಲ್ ಹೆಲ್ಮೆಟ್ ಕಡ್ಡಾಯ ಮಾಡಿದ್ದು 1979ರಲ್ಲಿ. ಹಳಬರಿಗೆ ಕೊಟ್ಟ ವಿನಾಯಿತಿಯಿಂದಾಗಿ ಹೆಲ್ಮೆಟ್ ಇಲ್ಲದ ಕೊನೆಯ ಆಟಗಾರ ಕ್ರೇಗ್ ಮ್ಯಾಕ್‌ಟಾವಿಶ್ ನಿವೃತ್ತನಾಗುವಾಗ 1997 ಬಂದಿತ್ತು.

ಪ್ಲಾಂಟ್ ಮುಂದೆ ಕ್ವಿಬೆಕ್ ನಾರ್ಡಿಕ್ಸ್ ತಂಡಕ್ಕೆ ತಾನೇ ಕೋಚ್ ಆದ. 1986ರಲ್ಲಿ ಜಿನೀವಾದಲ್ಲಿ ಹೊಟ್ಟೆಯ ಕ್ಯಾನ್ಸರ್‌ನಿಂದ ತೀರಿಕೊಂಡ. ಆತನ 1ನೇ ನಂಬರ್ ಜೆರ್ಸಿಯನ್ನು ಮಾಂಟ್ರಿಯಲ್ ತಂಡ 1995ರಲ್ಲಿ ನಿವೃತ್ತಿಗೊಳಿಸಿತು.